ಬೆಂಚಿನ ಮೇಲೆ ಕೂತವರ ಪರವಾಗಿ

ಸಂಪಾದಕರಿಗೆ,

ಕಳೆದ ಸಂಚಿಕೆಯಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಕೋಚ್ ಸ್ಟೀವ್ ಕೆರ್ ಬಗ್ಗೆ ಎರಡು ಪುಟ ಬರೆದಿದ್ದೀರಿ. ಪಂದ್ಯಕ್ಕೆ ಸರಾಸರಿ ಆರು ಪಾಯಿಂಟ್ ಗಳಿಸಿದ ಆಟಗಾರನಿಗೆ ಇಷ್ಟು ಜಾಗ ಯಾಕೆ? ಆಡುವಾಗ ಪಕ್ಕದಲ್ಲಿ ಮೈಕೆಲ್ ಜೋರ್ಡನ್, ಕೋಚ್ ಆದಾಗ ಕೈಯಲ್ಲಿ ಸ್ಟೆಫ್ ಕರ್ರಿ. ಅದೃಷ್ಟ ಅಂದರೆ ಇದು. ಸ್ವತಃ ದೊಡ್ಡ ಆಟ ಆಡದವರು ದೊಡ್ಡ ಆಟ ಕಲಿಸಲಾರರು ಎಂಬುದು ನನ್ನ ನಂಬಿಕೆ. ನಮ್ಮ ರಾಹುಲ್ ದ್ರಾವಿಡ್ ಅವರನ್ನೇ ನೋಡಿ. ನನ್ನ ಮಗ ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಎರಡು ವರ್ಷದಿಂದ ರಿಸರ್ವ್ ಆಟಗಾರ. ಬೆಂಚು ಬಿಸಿ ಮಾಡೋದಕ್ಕೆ ಸಂಜೆ ಹಾಳು ಮಾಡಬೇಡ, ಟ್ಯೂಷನ್‌ಗೆ ಹೋಗು ಅಂತ ಹೇಳಿದ್ದೇನೆ. ತಪ್ಪೇ?

— ಹಾಸನದ ಒಬ್ಬ ಓದುಗ

ಪ್ರಿಯ ಓದುಗರೇ,

ಪತ್ರದ ಕೊನೆಯಲ್ಲಿ ಮಗನ ಮಾತು ಬಾರದೇ ಹೋಗಿದ್ದರೆ ಇದನ್ನು ಓದುಗರ ಪತ್ರಗಳ ಪುಟದಲ್ಲಿ ಹಾಕಿ ಸುಮ್ಮನಾಗುತ್ತಿದ್ದೆ. ಹುಡುಗನ ಸಂಜೆಗಳ ಪ್ರಶ್ನೆ ಬಂತಲ್ಲ, ಉದ್ದಕ್ಕೆ ಬರೆಯದೆ ವಿಧಿಯಿಲ್ಲ. ನೀವು ನೇರವಾಗಿ ಕೇಳಿದ್ದೀರಿ, ಅದು ನನಗೆ ಇಷ್ಟವಾಯಿತು. ಆದರೆ ನೀವು ಹೇಳಿದ್ದನ್ನು ಒಪ್ಪಲಾರೆ.

ನಿಮ್ಮ ವಾದಕ್ಕೆ ಸಲ್ಲಬೇಕಾದ್ದನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ದೊಡ್ಡ ಆಟಗಾರರು ದೊಡ್ಡ ಕೋಚ್ ಆದದ್ದು ಉಂಟು. ಬಾಸ್ಟನ್ ಸೆಲ್ಟಿಕ್ಸ್‌ನ ಬಿಲ್ ರಸಲ್ 1966ರಲ್ಲಿ ಇನ್ನೂ ಆಡುತ್ತಿರುವಾಗಲೇ ಕೋಚ್ ಆದರು, ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಮೊದಲ ಕಪ್ಪು ಕೋಚ್. 1968ರಲ್ಲೂ 1969ರಲ್ಲೂ ತಂಡವನ್ನು ಗೆಲ್ಲಿಸಿದರು. ಲೆನ್ನಿ ವಿಲ್ಕೆನ್ಸ್ ಆಟಗಾರರಾಗಿ ಒಮ್ಮೆ, ಕೋಚ್ ಆಗಿ ಒಮ್ಮೆ ಆಟದ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದವರು. ಲ್ಯಾರಿ ಬರ್ಡ್ ಕೋಚ್ ಆದ ಮೊದಲ ಸೀಸನ್‌ನಲ್ಲೇ, 1998ರಲ್ಲಿ, ವರ್ಷದ ಕೋಚ್ ಅನ್ನಿಸಿಕೊಂಡರು. ಸರಿ, ಒಪ್ಪಿದೆ.

ಈಗ ಮ್ಯಾಜಿಕ್ ಜಾನ್ಸನ್ ಕಥೆ ಕೇಳಿ. ಅವರಿಗಿಂತ ಚೆನ್ನಾಗಿ ಪಾಸ್ ಕೊಟ್ಟವರು ಆಟದ ಇತಿಹಾಸದಲ್ಲೇ ಬೆರಳೆಣಿಕೆ. 1994ರಲ್ಲಿ ಲೇಕರ್ಸ್ ತಂಡ ಅವರನ್ನು ಕರೆದು ಕೋಚ್ ಮಾಡಿತು. ಮೊದಲ ಆರು ಪಂದ್ಯಗಳಲ್ಲಿ ಐದು ಗೆದ್ದರು. ಆಮೇಲೆ ಸತತ ಹತ್ತು ಸೋತರು. ಅಲ್ಲಿಗೆ ಬಿಟ್ಟು ಹೊರಟರು. ಒಟ್ಟು 16 ಪಂದ್ಯ, ಅಷ್ಟೇ. ಆಟ ಗೊತ್ತಿಲ್ಲದೆ ಸೋತರು ಅನ್ನೋ ಧೈರ್ಯ ಯಾರಿಗಿದೆ? ತನಗೆ ಸಲೀಸಾಗಿ ಬಂದದ್ದು ಎದುರಿಗಿರುವ ಹುಡುಗನಿಗೆ ಯಾಕೆ ಬರುತ್ತಿಲ್ಲ ಅನ್ನೋದು ಅಂಥವರಿಗೆ ಹೊಳೆಯುವುದು ಕಷ್ಟ ಅಂತ ನನ್ನ ಲೆಕ್ಕ. ಕಷ್ಟಪಟ್ಟು ಕಲಿತವನಿಗೆ ಪ್ರತಿ ಮೆಟ್ಟಿಲೂ ನೆನಪಿರುತ್ತದೆ.

ಕೋಚ್ ಆಗಿ 11 ಪ್ರಶಸ್ತಿ ಗೆದ್ದ ಫಿಲ್ ಜಾಕ್ಸನ್ ಯಾರು? ನ್ಯೂಯಾರ್ಕ್ ನಿಕ್ಸ್‌ನಲ್ಲಿ ಹೆಚ್ಚಾಗಿ ಬೆಂಚಿನಿಂದ ಎದ್ದು ಬರುತ್ತಿದ್ದ ಉದ್ದ ಕೈಗಳ ಆಟಗಾರ. 1970ರಲ್ಲಿ ನಿಕ್ಸ್ ಚಾಂಪಿಯನ್ ಆದಾಗ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಇಡೀ ಸೀಸನ್ ಹೊರಗಿದ್ದರು. ಸುಮ್ಮನೆ ಮನೆಯಲ್ಲಿ ಕೂರಲಿಲ್ಲ. ಕೋರ್ಟ್ ಪಕ್ಕದಲ್ಲಿ ಕ್ಯಾಮೆರಾ ಹಿಡಿದು ಫೋಟೊ ತೆಗೆದರು. ಕೋಚ್ ರೆಡ್ ಹೋಲ್ಜ್‌ಮನ್ ಆಟವನ್ನು ಹೇಗೆ ನೋಡುತ್ತಾರೆ ಅನ್ನೋದನ್ನು ಹತ್ತಿರದಿಂದ ಕಲಿತರು. ಸ್ಯಾನ್ ಆಂಟೋನಿಯೊ ಸ್ಪರ್ಸ್‌ಗೆ ಐದು ಪ್ರಶಸ್ತಿ ತಂದುಕೊಟ್ಟ ಗ್ರೆಗ್ ಪೊಪೊವಿಚ್ ಎನ್‌ಬಿಎಯಲ್ಲಿ ಒಂದು ನಿಮಿಷವೂ ಆಡಿಲ್ಲ. ಮಯಾಮಿ ಹೀಟ್‌ನ ಎರಿಕ್ ಸ್ಪೋಲ್‌ಸ್ಟ್ರಾ 1995ರಲ್ಲಿ ಆ ತಂಡಕ್ಕೆ ಸೇರಿದ್ದು ವಿಡಿಯೊ ರೂಮಿನ ಕೆಲಸಕ್ಕೆ. ಪಂದ್ಯದ ಟೇಪು ಕತ್ತರಿಸಿ ಜೋಡಿಸುತ್ತಿದ್ದ ಹುಡುಗ 2012 ಮತ್ತು 2013ರಲ್ಲಿ ಅದೇ ತಂಡವನ್ನು ಗೆಲ್ಲಿಸಿದರು.

ಇನ್ನು ಕೆರ್. ನೀವು ಆರು ಪಾಯಿಂಟ್ ಅಂತ ಬರೆದಿದ್ದೀರಿ, ಲೆಕ್ಕ ಸರಿಯಾಗಿದೆ. ಅದರ ಜೊತೆ ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳಿ. 15 ಸೀಸನ್‌ಗಳಲ್ಲಿ ಆಡಿದ ಪಂದ್ಯ 910. ಅದರಲ್ಲಿ ಮೊದಲ ಐವರಲ್ಲಿ ಒಬ್ಬರಾಗಿ ಕಣಕ್ಕಿಳಿದದ್ದು ಬರೀ 30 ಸಲ. ಉಳಿದ 880 ಪಂದ್ಯಗಳಲ್ಲಿ ಕೋಚ್ ಕೈಸನ್ನೆ ಮಾಡುವವರೆಗೆ ಕೂತು ಕಾದವರು. ಕಾದು, ಮೈ ತಣ್ಣಗಾದ ಮೇಲೆ ಎದ್ದು ಹೋಗಿ ದೂರದಿಂದ ಬುಟ್ಟಿಗೆ ಹಾಕಬೇಕು. ಹಾಗಿದ್ದೂ ದೂರದ ಗೆರೆಯಾಚೆಯಿಂದ ಎಸೆದ ತ್ರೀ ಪಾಯಿಂಟರ್‌ಗಳಲ್ಲಿ ಬುಟ್ಟಿಗೆ ಬಿದ್ದದ್ದು ಶೇಕಡಾ 45.4, ಎನ್‌ಬಿಎ ಇತಿಹಾಸದಲ್ಲೇ ಎಲ್ಲರಿಗಿಂತ ಜಾಸ್ತಿ. ಇದನ್ನು ಅದೃಷ್ಟ ಅಂತ ಕರೆಯಬೇಡಿ.

ಅವರ ಬದುಕಿನಲ್ಲಿ ಅದೃಷ್ಟ ಅನ್ನೋ ಪದ ಬಳಸಲು ನನಗೆ ನಾಲಿಗೆ ಬರುವುದಿಲ್ಲ. ಹುಟ್ಟಿದ್ದು 1965ರಲ್ಲಿ, ಬೈರೂತ್‌ನಲ್ಲಿ. ತಂದೆ ಮಾಲ್ಕಮ್ ಕೆರ್ ಮುಂದೆ ಅಲ್ಲಿನ ಅಮೆರಿಕನ್ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. 1984ರ ಜನವರಿಯಲ್ಲಿ ಅವರನ್ನು ಕಚೇರಿಯ ಹತ್ತಿರವೇ ಗುಂಡಿಟ್ಟು ಕೊಂದರು. ಮಗನಿಗೆ ಆಗ 18 ವರ್ಷ, ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ. ಎರಡು ದಿನದ ಮೇಲೆ ತಂಡದ ಜೊತೆ ಕೋರ್ಟಿಗಿಳಿದರು. 1986ರಲ್ಲಿ ಸ್ಪೇನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೊಣಕಾಲು ಹೋಯಿತು, ಮುಂದಿನ ಸೀಸನ್ ಪೂರ್ತಿ ಹೊರಗೆ. ವಾಪಸ್ ಬಂದವರನ್ನು 1988ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಲ್ಲಿ, 50ನೆಯವರಾಗಿ ಆರಿಸಿದರು. ಅಂದರೆ ಅವರಿಗಿಂತ ಮೊದಲು 49 ಹುಡುಗರ ಹೆಸರು ಕೂಗಿ ಆಗಿತ್ತು.

ಜೋರ್ಡನ್ ಪಕ್ಕದಲ್ಲಿದ್ದರು ಅಂತೀರಿ. ಹೌದು, ಪಕ್ಕದಲ್ಲಿದ್ದು ಕಣ್ಣಿಗೆ ಗುದ್ದಿಸಿಕೊಂಡವರೂ ಇವರೇ. 1995ರಲ್ಲಿ, ಅವರ ತಂಡವಾದ ಷಿಕಾಗೊ ಬುಲ್ಸ್‌ನ ಅಭ್ಯಾಸದ ಶಿಬಿರದಲ್ಲಿ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಕೆರ್ ಬಾಗಲಿಲ್ಲ. ಜೋರ್ಡನ್ ಕೈ ಎತ್ತಿದರು, ಕಣ್ಣು ಕಪ್ಪಾಯಿತು. ಆಮೇಲೆ ಕ್ಷಮೆಯನ್ನೂ ಕೇಳಿದರು. ಎರಡು ವರ್ಷಕ್ಕೆ, 1997ರ ಜೂನ್‌ನಲ್ಲಿ, ಯೂಟಾ ಜಾಜ್ ವಿರುದ್ಧ ಏಳು ಪಂದ್ಯಗಳ ಫೈನಲ್‌ನ ಆರನೇ ಪಂದ್ಯ. ಸ್ಕೋರ್ 86–86. ಟೈಮ್‌ಔಟ್‌ನಲ್ಲಿ ಜೋರ್ಡನ್ ಪಕ್ಕಕ್ಕೆ ತಿರುಗಿ ಕೆರ್‌ಗೆ ಹೇಳುತ್ತಾರೆ, ಎದುರು ತಂಡದ ಸ್ಟಾಕ್‌ಟನ್ ನಿನ್ನನ್ನು ಬಿಟ್ಟು ನನ್ನ ಮೇಲೆ ಬರ್ತಾರೆ, ರೆಡಿಯಾಗಿರು ಅಂತ. ರೆಡಿ ಇರ್ತೀನಿ ಅಂತಾರೆ ಕೆರ್. ಹಾಗೇ ಆಯಿತು. ಇಬ್ಬರು ಸುತ್ತುವರಿದಾಗ ಜೋರ್ಡನ್ ಚೆಂಡು ಬಿಟ್ಟುಕೊಟ್ಟರು. ಐದು ಸೆಕೆಂಡ್ ಉಳಿದಿತ್ತು. ಫ್ರೀ ಥ್ರೋ ಗೆರೆಯ ಹತ್ತಿರದಿಂದ ಕೆರ್ ಎಸೆದರು, ಬಿತ್ತು. ಲೋಕದ ಅತಿ ದೊಡ್ಡ ಆಟಗಾರ ಕೊನೆಯ ಚೆಂಡನ್ನು ನಂಬಿ ಕೊಟ್ಟದ್ದು ಸರಾಸರಿ ಆರು ಪಾಯಿಂಟಿನ ಈ ಮನುಷ್ಯನಿಗೆ.

ಇನ್ನೊಂದು ಪಂದ್ಯವೂ ಇದೆ, ನನಗೆ ಅದೇ ಹೆಚ್ಚು ಪ್ರಿಯ. 2003ರ ಮೇ, ಡಲ್ಲಾಸ್. ಸ್ಪರ್ಸ್ ತಂಡದಲ್ಲಿ 37 ವರ್ಷದ ಕೆರ್‌ಗೆ ಆಡುವ ಅವಕಾಶವೇ ಸಿಗುತ್ತಿರಲಿಲ್ಲ. ಆ ದಿನ ತಂಡದ ಮುಖ್ಯ ಆಟಗಾರರಲ್ಲಿ ಒಬ್ಬರಾದ ಟೋನಿ ಪಾರ್ಕರ್‌ಗೆ ಹೊಟ್ಟೆ ಕೆಟ್ಟಿತ್ತು. ತಂಡ ಹಿಂದೆ ಬಿದ್ದಿತ್ತು. ಪೊಪೊವಿಚ್ ಇವರನ್ನು ಎಬ್ಬಿಸಿದರು. ನಾಲ್ಕು ತ್ರೀ ಪಾಯಿಂಟರ್ ಎಸೆದರು, ನಾಲ್ಕೂ ಒಳಗೆ. ಸ್ಪರ್ಸ್ ಎದುರಾಳಿಗೆ ಒಂದೂ ಕೊಡದೆ ಸತತ 23 ಪಾಯಿಂಟ್ ಗಳಿಸಿ ಫೈನಲ್‌ಗೆ ಹೋಯಿತು. ವಾರಗಟ್ಟಲೆ ಕೂತವರು ಎದ್ದ ಕ್ಷಣಕ್ಕೆ ಹೀಗೆ ಎಸೆಯಬೇಕಾದರೆ, ಕೂತಾಗ ಅವರು ನಿದ್ದೆ ಮಾಡುತ್ತಿರಲಿಲ್ಲ ಅಂತಲೇ ಅರ್ಥ. ಆ ವರ್ಷ ನಿವೃತ್ತಿ. ಆಟಗಾರರಾಗಿ ಐದು ಪ್ರಶಸ್ತಿ, ಮೂರು ಷಿಕಾಗೊದಲ್ಲಿ, ಎರಡು ಸ್ಯಾನ್ ಆಂಟೋನಿಯೊದಲ್ಲಿ.

ನಡುವೆ ಟಿವಿ ವೀಕ್ಷಕ ವಿವರಣೆ, ಫೀನಿಕ್ಸ್ ತಂಡದ ಮ್ಯಾನೇಜರ್‌ಗಿರಿ, ಮತ್ತೆ ಟಿವಿ. ಕೋಚ್ ಆದರೆ ಏನೇನು ಮಾಡಬೇಕು ಅಂತ ಟಿಪ್ಪಣಿ ಬರೆದಿಟ್ಟುಕೊಳ್ಳುತ್ತಿದ್ದರು. 2014ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಕರೆದಾಗ ಒಂದು ದಿನವೂ ಕೋಚ್ ಆಗಿ ಕೆಲಸ ಮಾಡಿದ ಅನುಭವ ಇರಲಿಲ್ಲ.

ಅವರಿಗಿಂತ ಮೊದಲು ಅಲ್ಲಿದ್ದ ಕೋಚ್ ಮಾರ್ಕ್ ಜಾಕ್ಸನ್. ಕೆರ್ ಲೀಗ್‌ಗೆ ಬಂದ 1988ರಲ್ಲೇ ವರ್ಷದ ಹೊಸ ಆಟಗಾರ ಪ್ರಶಸ್ತಿ ಪಡೆದವರು, ಹತ್ತು ಸಾವಿರಕ್ಕೂ ಮೀರಿ ಅಸಿಸ್ಟ್, ಅಂದರೆ ಬುಟ್ಟಿಗೆ ದಾರಿ ಮಾಡುವ ಪಾಸ್, ಕೊಟ್ಟವರು. ನಿಮ್ಮ ಲೆಕ್ಕದಲ್ಲಿ ಕೆರ್‌ಗಿಂತ ಎಷ್ಟೋ ದೊಡ್ಡ ಆಟಗಾರ. ಅವರ ಕೈಯಲ್ಲೂ ಇದೇ ಕರ್ರಿ ಇದ್ದರು. ವಾರಿಯರ್ಸ್‌ನ ಡಿಫೆನ್ಸ್ ಕಟ್ಟಿದ ಶ್ರೇಯಸ್ಸು ಜಾಕ್ಸನ್‌ಗೆ ಸಲ್ಲಬೇಕು, ಸಲ್ಲಲಿ. ಆದರೆ ಆ ಕೊನೆಯ ವರ್ಷ ತಂಡ 51 ಪಂದ್ಯ ಗೆದ್ದಿತು, ಪಾಸ್ ಕೊಡುವುದರಲ್ಲಿ ಲೀಗ್‌ನಲ್ಲೇ ಕಟ್ಟಕಡೆ ಇತ್ತು. ಚೆಂಡು ಇಬ್ಬರ ಕೈಯಲ್ಲಿ ಉಳಿಯುತ್ತಿತ್ತು, ಮೂವರು ನೋಡುತ್ತಿದ್ದರು. ನೋಡುತ್ತಾ ನಿಲ್ಲುವ ಸಂಕಟ ಕೆರ್‌ಗೆ ಗೊತ್ತಿತ್ತು. ಎಲ್ಲರೂ ಓಡಬೇಕು, ಎಲ್ಲರೂ ಚೆಂಡು ಮುಟ್ಟಬೇಕು ಅಂತ ಆಟವನ್ನೇ ಬದಲಾಯಿಸಿದರು. ಮರುವರ್ಷ 67 ಗೆಲುವು. 1975ರ ನಂತರ ಮೊದಲ ಪ್ರಶಸ್ತಿ.

ಅದೇ ವರ್ಷ ಅವರು ಆಂಡ್ರೆ ಇಗುಡಾಲಾ ಹತ್ತಿರ ಹೋಗಿ ಒಂದು ಮಾತು ಕೇಳಬೇಕಾಯಿತು. ಇಗುಡಾಲಾ ಅಲ್ಲಿಯವರೆಗೆ 758 ಪಂದ್ಯ ಆಡಿದ್ದರು, ಒಂದನ್ನೂ ಬಿಡದೆ ಎಲ್ಲದರಲ್ಲೂ ಮೊದಲ ಐವರಲ್ಲಿ ಒಬ್ಬರು. ಅಂಥವರಿಗೆ, ಇನ್ನು ಮೇಲೆ ನೀವು ಬೆಂಚಿನಿಂದ ಬನ್ನಿ ಅಂತ ಹೇಳಬೇಕು. ಜೀವಮಾನವಿಡೀ ಸ್ಟಾರ್ ಆಗಿದ್ದ ಕೋಚ್ ಈ ಮಾತು ಹೇಳಿದ್ದರೆ ಅದು ಶಿಕ್ಷೆಯ ಹಾಗೆ ಕೇಳಿಸುತ್ತಿತ್ತು. ಕೆರ್ ಕರೆದದ್ದು ತಾವೇ ಕೂತು ಬಂದ ಜಾಗಕ್ಕೆ. ಇಗುಡಾಲಾ ಬೇಜಾರಿನಿಂದಲೇ ಇರಬಹುದು, ಒಪ್ಪಿದರು. ಇಡೀ ಸೀಸನ್ ಬೆಂಚಿನಿಂದ ಬಂದರು. ಕ್ಲೀವ್‌ಲ್ಯಾಂಡ್ ವಿರುದ್ಧದ ಫೈನಲ್‌ನಲ್ಲಿ ತಂಡ 1–2ರಿಂದ ಹಿಂದಿದ್ದಾಗ ನಿಕ್ ಯುರೆನ್ ಅನ್ನೋ 28 ವರ್ಷದ ಸಹಾಯಕ ರಾತ್ರಿ ಕೂತು ಹಿಂದಿನ ವರ್ಷದ ಫೈನಲ್‌ನ ವಿಡಿಯೊ ನೋಡಿ, ಇಗುಡಾಲಾ ಅವರನ್ನೇ ಮೊದಲಿಗೆ ಇಳಿಸಬೇಕು ಅಂತ ಲೆಕ್ಕ ಹಾಕಿದರು. ಬೆಳಗಿನ ಜಾವ ಮೂರು ಗಂಟೆಗೆ ಕೆರ್‌ಗೆ ಮೆಸೇಜ್ ಹೋಯಿತು. ಕೆರ್ ಹಾಗೇ ಮಾಡಿದರು. 103–82ರಿಂದ ಗೆದ್ದರು, ಮುಂದಿನ ಎರಡನ್ನೂ ಗೆದ್ದರು. ಇಗುಡಾಲಾ ಫೈನಲ್‌ನ ಶ್ರೇಷ್ಠ ಆಟಗಾರ. ಈ ಐಡಿಯಾ ಯಾರದು ಅಂತ ಪತ್ರಕರ್ತರು ಕೇಳಿದಾಗ ಕೆರ್ ಆ ಹುಡುಗನ ಹೆಸರು ಹೇಳಿದರು. ನಮ್ಮಲ್ಲಿ ಯಾವ ಮುಖ್ಯಸ್ಥರು ಹಾಗೆ ಹೇಳುತ್ತಾರೆ, ನೀವೇ ಯೋಚಿಸಿ.

2018ರ ಫೆಬ್ರವರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಫೀನಿಕ್ಸ್ ವಿರುದ್ಧದ ಪಂದ್ಯದಲ್ಲಿ ಟೈಮ್‌ಔಟ್‌ಗಳನ್ನು ಆಟಗಾರರಿಗೇ ಬಿಟ್ಟುಕೊಟ್ಟರು. ಇಗುಡಾಲಾ, ಡ್ರೇಮಂಡ್ ಗ್ರೀನ್ ಬೋರ್ಡ್ ಹಿಡಿದು ಗೆರೆ ಎಳೆದು ಉಳಿದವರಿಗೆ ಹೇಳಿಕೊಟ್ಟರು. ಕೋಚ್ ಹಿಂದೆ ನಿಂತು ನೋಡಿದರು. ನನ್ನ ದನಿ ಕೇಳಿ ಕೇಳಿ ಇವರಿಗೆ ಸಾಕಾಗಿದೆ ಅನ್ನೋದು ಅವರು ಕೊಟ್ಟ ಕಾರಣ. ಎದುರು ತಂಡದ ಕೆಲವರಿಗೆ ಇದು ಅವಮಾನ ಅನ್ನಿಸಿತು. 129–83ರ ಸೋಲು ಬೇರೆ ಆಗಿತ್ತಲ್ಲ. ನನಗೆ ಮಾತ್ರ ಒಬ್ಬ ಮೇಷ್ಟ್ರು ಸೀಮೆಸುಣ್ಣವನ್ನು ಹುಡುಗರ ಕೈಗೆ ಕೊಟ್ಟು ಹಿಂದಿನ ಬೆಂಚಿಗೆ ಹೋಗಿ ಕೂತ ಹಾಗೆ ಕಂಡಿತು.

2017, 2018, 2022ರಲ್ಲೂ ಪ್ರಶಸ್ತಿ ಬಂತು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಚಿನ್ನವೂ ಬಂತು. ತಂಡದ ಮುಖ್ಯ ಆಟಗಾರರಾದ ಕರ್ರಿ, ಥಾಂಪ್ಸನ್ ಇಬ್ಬರೂ ಗಾಯಗೊಂಡ 2019–20ರಲ್ಲಿ 65 ಪಂದ್ಯಗಳಲ್ಲಿ ಬರೀ 15 ಗೆದ್ದದ್ದನ್ನೂ ಹೇಳಬೇಕು, ನಿಮ್ಮ ಅದೃಷ್ಟದ ವಾದಕ್ಕೆ ಅಷ್ಟು ಬಲ ಇದೆ. ಆಟಗಾರರಿಲ್ಲದೆ ಯಾವ ಕೋಚೂ ಗೆಲ್ಲಲಾರರು. ಎರಡು ವರ್ಷಕ್ಕೆ ಮತ್ತೆ ಮೇಲೆದ್ದರಲ್ಲ, ಅದನ್ನು ಯಾವ ಲೆಕ್ಕಕ್ಕೆ ಹಾಕುತ್ತೀರಿ?

ಹೆಣ್ಣುಮಕ್ಕಳ ಕಡೆಯಿಂದ ಬೆಕಿ ಹ್ಯಾಮನ್ ಅವರನ್ನೂ ನೆನೆಯಬೇಕು. 1999ರಲ್ಲಿ ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಹುಡುಗಿ, ಆಮೇಲೆ ದೊಡ್ಡ ಆಟಗಾರ್ತಿಯಾದರು. 2013ರಲ್ಲಿ ಮೊಣಕಾಲು ಹರಿದು ಸೀಸನ್ ಹೋಯಿತು. ಆ ಬಿಡುವಿನಲ್ಲಿ ಸ್ಪರ್ಸ್ ಪುರುಷರ ತಂಡದ ಅಭ್ಯಾಸಕ್ಕೆ, ಮೀಟಿಂಗ್‌ಗಳಿಗೆ ಹೋಗಿ ಕೂತರು. ಮರುವರ್ಷ ಪೊಪೊವಿಚ್ ಅವರನ್ನು ಸಹಾಯಕ ಕೋಚ್ ಮಾಡಿಕೊಂಡರು. ಮುಂದೆ ಮಹಿಳೆಯರ ಲಾಸ್ ವೇಗಸ್ ಏಸಸ್ ತಂಡವನ್ನು 2022 ಮತ್ತು 2023ರಲ್ಲಿ ಚಾಂಪಿಯನ್ ಮಾಡಿದರು. ಕೋಚ್ ಆಗುವ ದಾರಿ ಅವರಿಗೂ ತೆರೆದದ್ದು ಆಡಲಾಗದೆ ಕೂತ ವರ್ಷದಲ್ಲೇ.

ದ್ರಾವಿಡ್ ಬಗ್ಗೆ ಬರೆದಿದ್ದೀರಿ. ಅವರ ಹೆಸರು ತೆಗೆದರೆ ನಾನು ಬಾಯಿ ಮುಚ್ಚುತ್ತೇನೆ ಅಂದುಕೊಂಡಿರಾ? ದ್ರಾವಿಡ್ ನನ್ನ ಕಡೆಯ ಸಾಕ್ಷಿ ಸ್ವಾಮಿ. ಆಟ ಬಿಟ್ಟ ಮೇಲೆ ಅವರು ನೇರವಾಗಿ ದೊಡ್ಡ ತಂಡಕ್ಕೆ ಹೋಗಲಿಲ್ಲ. 19 ವರ್ಷದೊಳಗಿನ ಹುಡುಗರ ಜೊತೆ, ಭಾರತ 'ಎ' ತಂಡದ ಜೊತೆ ಓಡಾಡಿದರು. 'ಎ' ತಂಡದ ಪ್ರವಾಸಕ್ಕೆ ಬಂದ ಯಾವ ಹುಡುಗನೂ ಒಂದು ಪಂದ್ಯವನ್ನೂ ಆಡದೆ ಮನೆಗೆ ಹೋಗಬಾರದು ಅನ್ನೋದು ಅವರ ನಿಯಮ. ಯಾಕೆ ಗೊತ್ತಾ? ತಾವು ಹುಡುಗನಾಗಿದ್ದಾಗ ಇಂಥ ಪ್ರವಾಸಕ್ಕೆ ಹೋಗಿ ಆಡುವ ಅವಕಾಶ ಸಿಗದೆ ಬಂದದ್ದು ಎಷ್ಟು ಕೆಟ್ಟ ಅನುಭವ ಅಂತ ಅವರೇ ಹೇಳಿದ್ದಾರೆ. ಟೆಸ್ಟ್‌ನಲ್ಲಿ ಹದಿಮೂರು ಸಾವಿರ ರನ್ ಹೊಡೆದವರು ಕೋಚ್ ಆದಾಗ ನೆನಪಿಟ್ಟುಕೊಂಡದ್ದು ಆ ಕೂತ ದಿನಗಳನ್ನು. 2024ರಲ್ಲಿ ಟಿ20 ವಿಶ್ವಕಪ್ ಗೆದ್ದ ತಂಡದ ಕೋಚ್ ಅವರು.

ನನ್ನ ಕಾಲೇಜಿನ ಒಂದು ಸಂಗತಿ ಹೇಳುತ್ತೇನೆ. ಮಣ್ಣಿನ ಕೋರ್ಟ್, ಸುಣ್ಣದ ಗೆರೆ, ಬಲೆ ಇಲ್ಲದ ರಿಂಗು. ಕೋಚ್ ರೈಲ್ವೆಯಲ್ಲಿ ಕೆಲಸಕ್ಕಿದ್ದವರು, ಡ್ಯೂಟಿ ಮುಗಿಸಿ ಸೈಕಲ್‌ನಲ್ಲಿ ಬರುತ್ತಿದ್ದರು. ನಾವು ಮೂವರು ರಿಸರ್ವ್ ಹುಡುಗರಿಗೆ ಒಂದು ನೋಟ್‌ಬುಕ್ ಕೊಟ್ಟಿದ್ದರು. ಅದರಲ್ಲಿ ಮನೆಗಳನ್ನು ಅವರೇ ಗೆರೆ ಎಳೆದು ಮಾಡಿದ್ದರು. ಎದುರು ತಂಡದ ಏಳನೇ ನಂಬರ್ ಯಾವ ಕೈಯಲ್ಲಿ ಡ್ರಿಬಲ್ ಮಾಡ್ತಾನೆ? ಯಾರು ಎಸೆದ ಮೇಲೆ ರಿಬೌಂಡ್‌ಗೆ ಓಡಲ್ಲ? ನಮ್ಮವರಲ್ಲಿ ಸುಸ್ತಾದಾಗ ಯಾರು ಮೊದಲು ಕೈ ಕೆಳಗೆ ಬಿಡ್ತಾರೆ? ಹಾಫ್ ಟೈಮ್‌ನಲ್ಲಿ ನಮ್ಮ ನೋಟ್‌ಬುಕ್ ಓದಿದ ಮೇಲೆಯೇ ಅವರು ಮಾತಾಡುತ್ತಿದ್ದರು. ಆ ತಂಡದ ಸ್ಟಾರ್ ಇಬ್ಬರೂ ಆಮೇಲೆ ಚೆಂಡು ಮುಟ್ಟಲಿಲ್ಲ. ನನ್ನ ಪಕ್ಕ ಕೂತು ಏಳನೇ ನಂಬರ್ ಮನೆ ತುಂಬುತ್ತಿದ್ದ ಗೆಳೆಯ ಈಗಲೂ ಒಂದು ಸರ್ಕಾರಿ ಶಾಲೆಯಲ್ಲಿ ದೈಹಿಕ ಶಿಕ್ಷಕ. ಅವನ ಹುಡುಗಿಯರು ಜಿಲ್ಲಾ ಮಟ್ಟಕ್ಕೆ ಹೋಗದ ವರ್ಷವೇ ಕಡಿಮೆ.

ಆ ಗೆಳೆಯನ ದಿನ ಹೇಗಿರುತ್ತದೆ ಅಂತ ನೋಡಿದರೆ ಹೊಟ್ಟೆ ಉರಿಯುತ್ತದೆ. ಪಿ.ಟಿ. ಪೀರಿಯಡ್ಡನ್ನು ಗಣಿತದವರು ಕೇಳಿ ಪಡೆದುಕೊಳ್ಳುತ್ತಾರೆ, ಯಾಕೆಂದರೆ ಎಸ್ಸೆಸ್ಸೆಲ್ಸಿ ಹತ್ತಿರ ಬಂತು. ಬಿಸಿಯೂಟದ ಅಕ್ಕಿ ಲೆಕ್ಕ ಇವನಿಗೆ. ಪ್ರಾರ್ಥನೆಯಲ್ಲಿ ಸಾಲು ನಿಲ್ಲಿಸುವುದು, ಆಗಸ್ಟ್ 15ಕ್ಕೆ ಕವಾಯತು, ಚುನಾವಣೆ ಡ್ಯೂಟಿ ಎಲ್ಲ ಇವನಿಗೆ. ಚೆಂಡಿಗೆ ಗಾಳಿ ತುಂಬುವ ಪಂಪನ್ನು ಸ್ವಂತ ದುಡ್ಡಿನಲ್ಲಿ ತಂದಿದ್ದಾನೆ. ಹುಡುಗಿ ಗೆದ್ದು ಬಂದರೆ ವೇದಿಕೆ ಮೇಲೆ ಹಾರ ಹಾಕಿಸಿಕೊಳ್ಳಲು ಯಾರ್‍ಯಾರೋ ಬರುತ್ತಾರೆ, ಇವನು ಕುರ್ಚಿ ಎಣಿಸುತ್ತಿರುತ್ತಾನೆ. ಇದು ಇವತ್ತು ನಿನ್ನೆಯದಲ್ಲ. ಈ ದೇಶ ಆಟಗಾರರಿಗೆ ಅರ್ಜುನ ಪ್ರಶಸ್ತಿ ಕೊಡಲು ಶುರು ಮಾಡಿದ್ದು 1961ರಲ್ಲಿ. ಕಲಿಸಿದವರಿಗೂ ಒಂದು ಪ್ರಶಸ್ತಿ ಇರಲಿ ಅಂತ ದ್ರೋಣಾಚಾರ್ಯ ಬಂದದ್ದು 1985ರಲ್ಲಿ. ನಡುವಿನ 24 ವರ್ಷ ನಮ್ಮ ಅರ್ಜುನರೆಲ್ಲ ತಾವೇ ಕಲಿತು ಬಂದರು ಅಂತ ನಂಬಿದ್ದೆವೇ? ಮೊದಲ ಸಲ ಅದನ್ನು ಪಡೆದವರಲ್ಲಿ ಪಿ.ಟಿ. ಉಷಾ ಅವರ ಗುರು ಓ.ಎಂ. ನಂಬಿಯಾರ್ ಇದ್ದರು. ವಾಯುಪಡೆಯಲ್ಲಿದ್ದವರು. ಓಟಗಾರರಾಗಿ ಅವರ ಹೆಸರು ಎಷ್ಟು ಜನಕ್ಕೆ ಗೊತ್ತು? ಉಷಾ ಅವರ ಓಟ ಮಾತ್ರ ಇಡೀ ದೇಶಕ್ಕೆ ಗೊತ್ತು.

ಇದು ಆಟಕ್ಕೆ ಮಾತ್ರ ಸೇರಿದ ವಿಷಯವೂ ಅಲ್ಲ. ರ್‍ಯಾಂಕ್ ಬಂದವರನ್ನೇ ಮೇಷ್ಟ್ರು ಮಾಡಬೇಕು ಅಂತೀವಿ. ದೊಡ್ಡ ಗಾಯಕರೇ ಸಂಗೀತ ಹೇಳಿಕೊಡಬೇಕು ಅಂತ ಮಗಳನ್ನು ಕರೆದುಕೊಂಡು ಅವರ ಮನೆ ಬಾಗಿಲಿಗೆ ಹೋಗ್ತೀವಿ. ಪಕ್ಕದ ಬೀದಿಯಲ್ಲಿ ಮೂವತ್ತು ವರ್ಷದಿಂದ ಮಕ್ಕಳ ಶ್ರುತಿ ತಿದ್ದುತ್ತಾ ಕೂತಿರುವ ಅಮ್ಮನ ಹೆಸರೂ ನಮಗೆ ಗೊತ್ತಿರುವುದಿಲ್ಲ. ಬೇಸಿಗೆ ಶಿಬಿರದ ಬ್ಯಾನರ್‌ನಲ್ಲಿ ಮಾಜಿ ಸ್ಟಾರ್ ಫೋಟೊ ದೊಡ್ಡದಾಗಿದ್ದರೆ ಫೀಸು ಎಷ್ಟಾದರೂ ಕಟ್ಟುತ್ತೇವೆ. ಅವರು ಉದ್ಘಾಟನೆಗೆ ಬಂದು ಹೋಗುತ್ತಾರೆ. ಬೆಳಿಗ್ಗೆ ಐದೂವರೆಗೆ ಬಂದು ಕೋನ್ ಜೋಡಿಸಿ ಮಕ್ಕಳಿಗೆ ಕಾಲಿಡುವುದನ್ನು ಕಲಿಸುವವರು ಬೇರೆಯೇ. ಅವರ ಹೆಸರು ಬ್ಯಾನರ್‌ನಲ್ಲಿ ಇರುವುದಿಲ್ಲ.

ನಿಮ್ಮ ಹುಡುಗನ ವಿಷಯಕ್ಕೆ ಬರುತ್ತೇನೆ. ಎರಡು ವರ್ಷದಿಂದ ಆಡಲು ಸಿಗದಿದ್ದರೂ ದಿನಾ ಹೋಗ್ತಿದ್ದಾನೆ ಅಂದರೆ ಅವನಿಗೆ ಆಟದ ಮೇಲೆ ನಿಮಗೆ ಗೊತ್ತಿಲ್ಲದಷ್ಟು ಪ್ರೀತಿ ಇದೆ. ಇವತ್ತು ರಾತ್ರಿ ಊಟಕ್ಕೆ ಕೂತಾಗ, ಎಷ್ಟು ಪಾಯಿಂಟ್ ಹೊಡೆದೆ ಅಂತ ಕೇಳಬೇಡಿ. ನಿಮ್ಮ ತಂಡ ಯಾಕೆ ಸೋಲ್ತು ಅಂತ ಕೇಳಿ. ಅವನು ಹೇಳೋದನ್ನು ಪೂರ್ತಿ ಕೇಳಿಸಿಕೊಳ್ಳಿ. ಟೇಬಲ್ ಮೇಲಿನ ಲೋಟ ತಟ್ಟೆ ಸರಿಸಿ ಯಾರು ಎಲ್ಲಿ ನಿಂತಿದ್ದರು ಅಂತ ತೋರಿಸಿದರೂ ಆಶ್ಚರ್ಯವಿಲ್ಲ.

ಆಮೇಲೆ ಅವನ ಕೋಚ್ ಹತ್ತಿರ ಹೋಗಿ. ಜಗಳಕ್ಕಲ್ಲ. ಇಪ್ಪತ್ತು ಪಾಯಿಂಟ್ ಮುಂದಿದ್ದಾಗಲಾದರೂ ರಿಸರ್ವ್ ಹುಡುಗರನ್ನು ಇಳಿಸ್ತೀರಾ ಅಂತ ಮರ್ಯಾದೆಯಿಂದ ಕೇಳಿ. ಇಳಿಸದಿದ್ದರೆ ಅದು ಕೋಚ್ ತಪ್ಪು, ಹುಡುಗನದಲ್ಲ, ಮತ್ತು ಅದನ್ನು ಅವರಿಗೆ ಹೇಳುವ ಹಕ್ಕು ನಿಮಗಿದೆ. ಆದರೆ ನಿಮ್ಮ ಸಿಟ್ಟಿಗೆ ಹುಡುಗನನ್ನು ತಂಡದಿಂದ ಬಿಡಿಸಬೇಡಿ. ಸಂಜೆ ಐದರಿಂದ ಏಳರವರೆಗೆ ಅವನನ್ನು ಕೋರ್ಟಿಗೆ ಬಿಡಿ. ಟ್ಯೂಷನ್ ಬೆಳಿಗ್ಗೆ ಆರಕ್ಕೂ ನಡೆಯುತ್ತದೆ, ಹಾಸನದಲ್ಲೂ.

— ಸಂಪಾದಕ